ವಿಡಿಯಾ ಟೂಲ್ ಮತ್ತು ಕಾರ್ಲ್ ಶ್ರೋಟರ್

ಪೀಣ್ಯದ ಲೇತ್ ಶೆಡ್ಡುಗಳಲ್ಲಿ, ಲೋಹ ಕೊಯ್ಯುವ ಟೂಲಿನ ಮೂತಿಗೆ (ಟಿಪ್) ಹಾಕುವ ಗಟ್ಟಿ ಪದಾರ್ಥಕ್ಕೆ ‘ಕಾರ್ಬೈಡ್’ ಅನ್ನುವುದಕ್ಕಿಂತ ‘ವಿಡಿಯಾ’ ಅಂದರೆ ಬೇಗ ಅರ್ಥವಾಗುತ್ತೆ. ಗೋಡೆಗೆ ತೂತು ಹೊಡೆಯುವ ಎಲೆಕ್ಟ್ರಿಷಿಯನ್ ಕೂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವುದು ವಿಡಿಯಾ ಬಿಟ್ಟನ್ನೇ. ಜರ್ಮನ್ನಿನಲ್ಲಿ ‘ವೀ ಡಿಯಾಮಾಂಟ್’ ಅಂದರೆ ವಜ್ರದ ಹಾಗೆ ಅಂತ. ಅದನ್ನು ಮೊಟಕು ಮಾಡಿ ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಮಾರುಕಟ್ಟೆಗೆ ಬಿಟ್ಟ ಹೆಸರಿದು. ಆಮೇಲೆ ನಮ್ಮ ತುಮಕೂರು ರಸ್ತೆಯಲ್ಲೇ ಆ ಹೆಸರಿನ ಕಾರ್ಖಾನೆ ಎದ್ದು ನಿಂತು, ಪದ ಬೆಂಗಳೂರಿನದೇ ಆಗಿಹೋಯಿತು. ಆ ಪದಾರ್ಥವನ್ನು ಕಂಡುಹಿಡಿದ ಕಾರ್ಲ್ ಶ್ರೋಟರ್ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಇದು ಬರೀ ಕೃತಜ್ಞತೆಯ ಮಾತಲ್ಲ. ಆತ ಮಾಡಿದ್ದೇನು ಅಂತ ತಿಳಿದವರು ಟೂಲ್ ಕೆಡಿಸುವುದು ಕಡಿಮೆ ಅನ್ನುವುದು ನನ್ನ ಬಲವಾದ ನಂಬಿಕೆ.

ಶ್ರೋಟರ್ ಇದ್ದದ್ದು ಬರ್ಲಿನ್ನಿನಲ್ಲಿ, ಬಲ್ಬ್ ಮಾಡುವ ಓಸ್ರಾಮ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ. ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಕೂದಲಿಗಿಂತ ಸಣ್ಣಗೆ ಎಳೆಯಲು ವಜ್ರದ ಡೈ (ತಂತಿ ತೂರಿಸಿ ಎಳೆಯುವ ತೂತಿನ ಅಚ್ಚು) ಬೇಕಿತ್ತು. ಅದು ವಿಪರೀತ ದುಬಾರಿ. ಟಂಗ್‌ಸ್ಟನ್ ಕಾರ್ಬೈಡ್ ವಜ್ರದ ಹತ್ತಿರಕ್ಕೆ ಬರುವಷ್ಟು ಗಟ್ಟಿ ಅಂತ ಆಗಲೇ ಗೊತ್ತಿತ್ತು. ಕರಗಿಸಿ ಎರಕ ಹೊಯ್ದೂ ನೋಡಿದ್ದರು. ಆದರೆ ಆ ಎರಕ ಗಾಜಿನಂತೆ ಒಡೆಯುತ್ತಿತ್ತು.

ಶ್ರೋಟರ್ ಕರಗಿಸುವ ದಾರಿಯನ್ನೇ ಬಿಟ್ಟ. ಕಾರ್ಬೈಡ್ ಪುಡಿಗೆ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಗುಂಪಿನ ಲೋಹದ ಪುಡಿಯನ್ನು ಶೇ. 10ರವರೆಗೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, 1500ರಿಂದ 1600 ಡಿಗ್ರಿಯಲ್ಲಿ ಬೇಯಿಸಿದ. ಪೇಟೆಂಟ್ ಅರ್ಜಿ ಹೋದದ್ದು 1923ರ ಮಾರ್ಚ್‌ನಲ್ಲಿ. ಮೂರು ಲೋಹಗಳಲ್ಲಿ ಗೆದ್ದದ್ದು ಕೋಬಾಲ್ಟ್. ಸುಮಾರು 1300 ಡಿಗ್ರಿ ದಾಟುತ್ತಿದ್ದಂತೆ ಅದು ಸ್ವಲ್ಪ ಕಾರ್ಬೈಡನ್ನು ತನ್ನೊಳಗೆ ಕರಗಿಸಿಕೊಂಡು ದ್ರವವಾಗುತ್ತೆ, ಪ್ರತಿ ಕಣದ ಮೈಗೂ ಹರಡಿ ಅಂಟುತ್ತೆ, ಕಣಗಳನ್ನು ಹತ್ತಿರಕ್ಕೆ ಎಳೆಯುತ್ತೆ. ಕಡಲೆಕಾಯಿ ಚಿಕ್ಕಿ ನೆನಪಿಸಿಕೊಳ್ಳಿ. ಬೀಜ ಕಾರ್ಬೈಡ್, ಬೆಲ್ಲದ ಪಾಕ ಕೋಬಾಲ್ಟ್. ಪಾಕ ಕಮ್ಮಿಯಾದರೆ ಉದುರುತ್ತೆ, ಜಾಸ್ತಿಯಾದರೆ ಮೆತ್ತಗಾಗುತ್ತೆ. ಇವತ್ತಿಗೂ ಶೇ. 6 ಕೋಬಾಲ್ಟ್ ಇರುವ ಟಿಪ್ ಸವೆಯುವುದು ನಿಧಾನ, ಪೆಟ್ಟು ತಡೆಯುವುದು ಕಷ್ಟ. ಶೇ. 10–12 ಇದ್ದರೆ ಪೆಟ್ಟು ತಡೆಯುತ್ತೆ, ಆದರೆ ಬೇಗ ಸವೆಯುತ್ತೆ. ಕೀವೇ (ಉದ್ದಕ್ಕೆ ಕೊರೆದ ತೋಡು) ಇರುವ ಶಾಫ್ಟ್ ಟರ್ನ್ ಮಾಡುವಾಗ ಪ್ರತಿ ಸುತ್ತಿಗೂ ಟಿಪ್ಪಿಗೆ ಪೆಟ್ಟು. ಅಲ್ಲಿಗೆ ಶೇ. 6ರ ಗಟ್ಟಿ ಗ್ರೇಡ್ ಹಾಕಿ, ಅಂಚು ಚಿಪ್ಪು ಚಿಪ್ಪಾಗಿ ಎದ್ದಮೇಲೆ ‘ಮಾಲು ಡೂಪ್ಲಿಕೇಟ್’ ಅನ್ನುವುದು ನ್ಯಾಯವಲ್ಲ.

ತಯಾರಿಕೆಯ ಕ್ರಮ ಈಗಲೂ ಹೆಚ್ಚೂಕಮ್ಮಿ ಅದೇ. ಟಂಗ್‌ಸ್ಟನ್ ಆಕ್ಸೈಡನ್ನು ಹೈಡ್ರೋಜನ್ನಿನಲ್ಲಿ ಕಾಯಿಸಿ ಲೋಹದ ಪುಡಿ ಮಾಡಬೇಕು. ಅದಕ್ಕೆ ಕಾರ್ಬನ್ ಮಸಿ ಬೆರೆಸಿ ಮತ್ತೆ ಕಾಯಿಸಿದರೆ ಕಾರ್ಬೈಡ್. ಇಲ್ಲಿ ಇಂಗಾಲ ತೂಕದಲ್ಲಿ ಶೇ. 6.13 ಇರಲೇಬೇಕು. ತುಸು ಕಮ್ಮಿಯಾದರೆ ಬೇಯುವಾಗ ಈಟಾ ಅನ್ನುವ ಪೆಡಸು ಪದಾರ್ಥ ಹುಟ್ಟಿ ಟಿಪ್ ಸುಮ್ಮಸುಮ್ಮನೆ ಮುರಿಯುತ್ತೆ. ಜಾಸ್ತಿಯಾದರೆ ಗ್ರಾಫೈಟ್ ಉಳಿದುಕೊಂಡು, ಮುರಿದು ನೋಡಿದಾಗ ಕಪ್ಪು ಚುಕ್ಕೆ ಕಾಣುತ್ತೆ. ಆಮೇಲೆ ಕೋಬಾಲ್ಟ್ ಜೊತೆ ಬಾಲ್ ಮಿಲ್ಲಿನಲ್ಲಿ ಒಂದೆರಡು ದಿನ ಹಸಿಯಾಗಿ ಅರೆದು, ಶೇ. 2ರಷ್ಟು ಮೇಣ ಸೇರಿಸಿ, ಒಣಗಿಸಿ, ಒತ್ತುತ್ತಾರೆ. ಒತ್ತಿದ ಹಸಿ ತುಂಡು ಸೀಮೆಸುಣ್ಣದಷ್ಟು ಮೆದು, ಉಗುರಲ್ಲಿ ಕೆರೆಯಬಹುದು. ಮೇಣ ಕರಗಿಸಿ ತೆಗೆದು, ನಿರ್ವಾತ ಕುಲುಮೆಯಲ್ಲಿ 1400–1450 ಡಿಗ್ರಿಗೆ ಬೇಯಿಸಿದಾಗ ಉದ್ದ ಶೇ. 18ರ ಆಸುಪಾಸು ಕುಗ್ಗುತ್ತೆ. 15 ಎಂಎಂ ಬೇಕಿದ್ದರೆ 18.3 ಎಂಎಂ ಒತ್ತಬೇಕು. ಘನಗಾತ್ರ ಲೆಕ್ಕ ಹಾಕಿದರೆ ಅರ್ಧದ ಹತ್ತಿರ ಇಳಿದಿರುತ್ತೆ! ಅಚ್ಚಿನಲ್ಲಿ ಒಂದು ಮೂಲೆಗೆ ಪುಡಿ ಕಮ್ಮಿ ಬಿದ್ದರೆ ಆ ಮೂಲೆ ಹೆಚ್ಚು ಕುಗ್ಗಿ ತುಂಡು ಸೊಟ್ಟಗಾಗುತ್ತೆ.

ಶ್ರೋಟರನ ಮಿಶ್ರಣಕ್ಕೂ ಒಂದು ಸೋಲಿತ್ತು. ಎರಕದ ಕಬ್ಬಿಣವನ್ನು ಬೆಣ್ಣೆಯಂತೆ ಕೊಯ್ದರೂ, ಉಕ್ಕಿನ ಬಿಸಿ ಚಿಪ್ಸ್ ಉಜ್ಜಿ ಟಿಪ್ಪಿನ ಮೇಲೆ ಗುಳಿ ಬೀಳುತ್ತಿತ್ತು. ಟೈಟೇನಿಯಂ, ಟ್ಯಾಂಟಲಮ್ ಕಾರ್ಬೈಡ್ ಸೇರಿಸಿದ ಮೇಲೆಯೇ ಉಕ್ಕಿಗೂ ಒಗ್ಗಿದ್ದು. ಇನ್ಸರ್ಟ್ (ಸವೆದರೆ ಬದಲಿಸುವ ಟಿಪ್) ಡಬ್ಬಿ ಮೇಲೆ ಉಕ್ಕಿಗೆ ನೀಲಿಯ ಪಿ, ಕಾಸ್ಟ್ ಐರನ್ನಿಗೆ ಕೆಂಪು ಕೆ ಅಂತ ಬೇರೆ ಮಾಡಿರುವುದರ ಬೇರು ಅಲ್ಲಿದೆ.

ಈಗ ಶೆಡ್ಡಿನ ವಿಷಯ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಗ್ರೈಂಡ್ ಮಾಡಿ ನೀರಲ್ಲಿ ಅದ್ದುವ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ. ವಿಡಿಯಾ ಟಿಪ್ಪಿಗೆ ಅದೇ ಮಾಡಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಲೋಡ್ ಬಿದ್ದಾಗ ಮೂತಿ ಹಾರುತ್ತೆ. ಗ್ರೈಂಡ್ ಮಾಡಿದರೆ ಕೂಲೆಂಟ್ (ತಂಪು ಮಾಡುವ ದ್ರವ) ಧಾರಾಳವಾಗಿ ಸುರಿಯುತ್ತಲೇ ಇರಬೇಕು, ಇಲ್ಲವೇ ಹಗುರಾಗಿ ಒತ್ತಿ, ಗಾಳಿಯಲ್ಲೇ ಆರಲು ಬಿಡಬೇಕು. ಟಿಪ್ಪನ್ನು ಶ್ಯಾಂಕಿಗೆ, ಅಂದರೆ ಟೂಲಿನ ಹಿಡಿಗೆ, ಬೆಸೆಯುವ ಬ್ರೇಜಿಂಗೂ ಹಾಗೇ. ಬಿಸಿಗೆ ಉಕ್ಕಿನ ಶ್ಯಾಂಕ್ ಹಿಗ್ಗುವುದು ಕಾರ್ಬೈಡಿನ ಎರಡು ಪಟ್ಟು. ಬೇಗ ತಣಿಸಿದರೆ ಶ್ಯಾಂಕ್ ಎಳೆದು ಟಿಪ್ ಬಿರಿಯುತ್ತೆ. ಒಣ ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತಿಟ್ಟು ನಿಧಾನಕ್ಕೆ ಆರಿಸಿ. ಗ್ರೈಂಡಿಂಗ್ ವೀಲ್ ಹಸಿರು ಸಿಲಿಕಾನ್ ಕಾರ್ಬೈಡಿನದೋ ಡೈಮಂಡಿನದೋ ಇರಲಿ. ಮಾಮೂಲಿ ಬೂದುಬಣ್ಣದ ವೀಲ್ ಕೊಯ್ಯುವುದಕ್ಕಿಂತ ಉಜ್ಜಿ ಸುಡುವುದೇ ಹೆಚ್ಚು.

ಇದಕ್ಕಿಂತ ನನಗೆ ಸಂಕಟವಾಗುವುದು ಆ ದೂಳು. ಕೋಬಾಲ್ಟ್ ಬೆರೆತ ಕಾರ್ಬೈಡ್ ದೂಳು ಶ್ವಾಸಕೋಶವನ್ನು ಗಡಸು ಮಾಡುತ್ತೆ, ಅದಕ್ಕೆ ‘ಹಾರ್ಡ್ ಮೆಟಲ್’ ಕಾಯಿಲೆ ಅಂತಲೇ ಹೆಸರಿದೆ. ಕರ್ಚೀಫ್ ಕಟ್ಟಿಕೊಂಡರೆ ಅದು ತಡೆಯಲ್ಲ. ವೀಲಿನ ಬಾಯಿಗೇ ದೂಳು ಎಳೆಯುವ ಪೈಪ್ ಕೂರಿಸಬೇಕು, ನೆಲವನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪೈಪಿನ ಖರ್ಚು ಹೆಚ್ಚಾಯಿತು ಅನ್ನುವ ಮಾಲೀಕರು, ಸವೆದ ಟಿಪ್ಪುಗಳನ್ನು ಮಾತ್ರ ಗ್ರಾಂ ಲೆಕ್ಕದಲ್ಲಿ ತೂಗಿ ಗುಜರಿಗೆ ಕೊಡುತ್ತಾರೆ.