ವಿಷ್ಣು ನೋಡೋಕೆ ಓಟಿಪಿ

ಮೊದಲೆಲ್ಲ ಮ್ಯೂಸಿಯಂ ಬಾಗಿಲಲ್ಲಿ ಫೋನ್ ಒಳಗಿಡಿ ಎನ್ನುತ್ತಿದ್ದರು. ಈಗ ಹೊರಗೆ ತೆಗೆಯಿರಿ ಎನ್ನುತ್ತಾರೆ. ಬರೀ ಕಣ್ಣು ಹೊತ್ತುಕೊಂಡು ಬಂದವರು ವಿಗ್ರಹ ನೋಡಬಹುದು, ಅಷ್ಟೇ. ‘ಎಂಗೇಜ್’ ಆಗಬೇಕಾದರೆ ಆ್ಯಪ್ ಬೇಕು.

ಹೆಸರು ಬೇಡ, ಒಂದು ಮ್ಯೂಸಿಯಂ. ವಿಗ್ರಹದ ಕೆಳಗೆ ಅಂಗೈಯಗಲದ ಫಲಕ: ‘ವಿಷ್ಣು. ಕಲ್ಲು. 12ನೇ ಶತಮಾನ.’ ಕಲ್ಲು ಅಂತ ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಸ್ಪಂಜು ಅಂದುಕೊಳ್ಳುತ್ತಿದ್ದೆವು. ಪಕ್ಕದಲ್ಲೊಂದು ಕ್ಯೂಆರ್ ಕೋಡ್. ಹೆಚ್ಚಿನ ಮಾಹಿತಿಗೆ ಸ್ಕ್ಯಾನ್ ಮಾಡಿ. ಮಾಡಿದೆ. ಆ್ಯಪ್ ಇಳಿಸಿಕೊಳ್ಳಿ ಎಂದಿತು. ಹಳೇ ಕಟ್ಟಡ, ದಪ್ಪ ಗೋಡೆ, ಸಿಗ್ನಲ್ ಸೊನ್ನೆ. “ಹೊರಗೆ ನಲ್ಲಿ ಹತ್ರ ಸಿಗುತ್ತೆ ಸಾರ್” ಎಂದು ಕಾವಲಿನವರು ದಾರಿ ತೋರಿಸಿದರು. ಅಲ್ಲಿ ಆಗಲೇ ಒಂದಷ್ಟು ಜನ ಫೋನ್ ಮೇಲೆತ್ತಿ ಹಿಡಿದು ಸೂರ್ಯನಮಸ್ಕಾರ ಮಾಡುತ್ತಿದ್ದರು.

ಆ್ಯಪ್ ಇಳಿಯಿತು. ಮೊಬೈಲ್ ನಂಬರ್ ಕೊಟ್ಟೆ, ಓಟಿಪಿ ಬಂತು. ಆಮೇಲೆ ಅದು ನನ್ನ ಲೊಕೇಶನ್ ಕೇಳಿತು, ಮೈಕ್ ಕೇಳಿತು, ಕಾಂಟ್ಯಾಕ್ಟ್ಸ್ ಕೇಳಿತು. ವಿಷ್ಣುವಿಗೆ ನಮ್ಮ ಗ್ಯಾಸ್ ಏಜೆನ್ಸಿಯವರ ನಂಬರ್ ಯಾಕೆ ಬೇಕೋ! ಎಲ್ಲಕ್ಕೂ ಹೂಂ ಅಂದು ಒಳಗೆ ಓಡಿ ಬಂದು ಮತ್ತೆ ಸ್ಕ್ಯಾನ್ ಮಾಡಿದೆ. ಚಕ್ರ ತಿರುಗಿತು, ತಿರುಗಿತು, ಕೊನೆಗೆ ತೆರೆಯಿತು: ‘ವಿಷ್ಣು. ಕಲ್ಲು. 12ನೇ ಶತಮಾನ.’ ಕೆಳಗೆ ಇನ್ನೊಂದು ಪ್ರಶ್ನೆ, ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ಸ್ಟಾರ್?

ಹಾಗಂತ ಈ ಕಾಯಿಲೆ ನಮ್ಮದೊಂದೇ ಅಲ್ಲ, ಹೊಸದೂ ಅಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ಜನರ ಕಿವಿಗೆ ರೇಡಿಯೋ ಕೊಟ್ಟು ವಿವರಣೆ ಬಿತ್ತರಿಸಿತ್ತು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮಾತು. ಹಾಗಾಗಿ ಎಲ್ಲರೂ ಒಟ್ಟಿಗೇ ಒಂದು ಚಿತ್ರದಿಂದ ಇನ್ನೊಂದಕ್ಕೆ, ಸ್ಕೂಲ್ ಡ್ರಿಲ್ ಥರ. 2012ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಜನರ ಕೈಗೆ ನಿಂಟೆಂಡೋ ಆಟದ ಡಬ್ಬಿಯನ್ನೇ ಗೈಡ್ ಮಾಡಿ ಕೊಟ್ಟಿತು. 2018ರಲ್ಲಿ ಗೂಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೀವು ಚಿತ್ರ ನೋಡುವುದು ಬೇಡ, ನಿಮ್ಮ ಸೆಲ್ಫಿ ಕೊಡಿ, ಯಾವ ಚಿತ್ರ ನಿಮ್ಮ ಹಾಗಿದೆ ಅಂತ ನಾವೇ ಹೇಳುತ್ತೇವೆ. ಕಲೆಯ ಮುಂದೆ ನಿಂತವನಿಗೂ ಕೊನೆಗೆ ತನ್ನ ಮುಖವೇ ಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.

2016ರಲ್ಲಿ ಫೋನ್ ಹಿಡಿದು ಊರೆಲ್ಲ ಸುತ್ತಿ ಬೊಂಬೆಪ್ರಾಣಿ ಹಿಡಿಯುವ ಪೋಕೆಮಾನ್ ಗೋ ಆಟದ ಹುಚ್ಚು ಏರಿದಾಗ, ನಾಜಿಗಳು ಕೊಂದ ಲಕ್ಷಾಂತರ ಯಹೂದಿಗಳ ನೆನಪಿಗಿರುವ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಸ್ಮಾರಕ ಮ್ಯೂಸಿಯಂನವರು ದಯವಿಟ್ಟು ಇಲ್ಲಿ ಆಡಬೇಡಿ ಎಂದು ಬೇಡಿಕೊಳ್ಳಬೇಕಾಯಿತು. ಇದನ್ನು ತಮಾಷೆ ಮಾಡೋಕೂ ಮನಸ್ಸು ಬರಲ್ಲ.

ನನಗೆ ಹಿಡಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನವರ ಕಥೆ. 2015ರಲ್ಲಿ ಅವರು ‘ಆಸ್ಕ್’ ಅಂತ ಆ್ಯಪ್ ತಂದರು. ಶಿಲ್ಪದ ಮುಂದೆ ನಿಂತು ಪ್ರಶ್ನೆ ಟೈಪ್ ಮಾಡಿದರೆ, ಅದೇ ಕಟ್ಟಡದಲ್ಲಿ ಕೂತ ವಿಷಯ ಗೊತ್ತಿರುವವರು ಆಗಲೇ ಉತ್ತರ ಕೊಡುತ್ತಿದ್ದರು. ನೀವು ಎಲ್ಲಿ ನಿಂತಿದ್ದೀರಿ ಅಂತ ಅವರಿಗೆ ತಿಳಿಯಲಿ ಎಂದು ಗ್ಯಾಲರಿ ತುಂಬಾ ಬ್ಲೂಟೂತ್ ಡಬ್ಬಿಗಳನ್ನೂ ಕೂರಿಸಿದ್ದರು. ಅಂದರೆ ಇಷ್ಟೆಲ್ಲ ತಂತ್ರಜ್ಞಾನದ ಆಚೆ ತುದಿಯಲ್ಲಿ ಇದ್ದದ್ದು ಮನುಷ್ಯರು! ನಮ್ಮಲ್ಲಿ ಇಂಥದ್ದು ತರುವಾಗ ಡಬ್ಬಿ ಮೊದಲು ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ಉತ್ತರ ಹೇಳುವವರ ಹುದ್ದೆ ಮಾತ್ರ ಖಾಲಿ ಇರುತ್ತದೆ, ಅಲ್ವಾ?

ಸದ್ಯ, ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನ ಆತಕೂರು ಶಾಸನದ ಕಲ್ಲು ಯಾವ ‘ಸ್ಮಾರ್ಟ್ ಅನುಭವ’ದವರ ಕಣ್ಣಿಗೂ ಬೀಳದಿರಲಿ. ಕ್ರಿ.ಶ. 949ರ ಆಸುಪಾಸಿನದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವ ವೀರನ ಪರಾಕ್ರಮ ಮೆಚ್ಚಿದ ದೊರೆ, ಏನು ಬೇಕು ಕೇಳು ಎಂದ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿ ಕೊಡಿ ಎಂದ. ಆ ನಾಯಿ ಆಮೇಲೆ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಇವತ್ತಿಗೂ ಮುಖಾಮುಖಿ ನಿಂತಿವೆ. ಹತ್ತು ಸಾಲು ಕನ್ನಡದಲ್ಲಿ ಬರೆದು ಪಕ್ಕದಲ್ಲಿಟ್ಟರೆ ಮಕ್ಕಳು ಅಲ್ಲೇ ಬೇರೂರುತ್ತಾರೆ.

ಆ್ಯಪಿನವರ ಕೈಗೆ ಕೊಟ್ಟರೆ? ಮೊದಲು ನಿಮ್ಮ ಸೆಲ್ಫಿಗೆ ನಾಯಿಕಿವಿ, ಬಯಸಿದರೆ ಹಂದಿಮೂತಿ. ಆಮೇಲೆ ‘ನೀವು ಯಾವ ತಳಿ?’ ಅಂತ ಕ್ವಿಜ್. ಗೆದ್ದರೆ ಡಿಜಿಟಲ್ ಬಿಸ್ಕತ್ತು, ಐದು ಜನಕ್ಕೆ ಫಾರ್ವರ್ಡ್ ಮಾಡಿದರೆ ಇನ್ನೊಂದು. ಕೊನೆಗೆ ದೊರೆ ಸ್ಕ್ರೀನ್ ಮೇಲೆ ಬಂದು ಏನು ಬೇಕು ಕೇಳು ಎನ್ನುತ್ತಾನೆ. ಊರು ಒತ್ತಬಹುದು, ಚಿನ್ನ ಒತ್ತಬಹುದು. ಕಾಳಿ ಬೇಕಾದರೆ ಪ್ರೀಮಿಯಂ ತಗೊಳ್ಳಬೇಕು, ಜಿಎಸ್‌ಟಿ ಬೇರೆ.