ಮಂತ್ರ ಹೇಳಿಸ್ರಿ, ಬರೇ ಕೇಳಿಸಬ್ಯಾಡ್ರಿ

ನಿನ್ನೆ ಸಂಜೆ ಹುಬ್ಬಳ್ಳಿಯಲ್ಲಿ ಒಂದು ಸರ್ವಧರ್ಮ ಪ್ರಾರ್ಥನೆ. ಯಾರು ನಡೆಸಿದರು ಅನ್ನೋದು ಬೇಡ, ಅವರ ಉದ್ದೇಶ ಒಳ್ಳೆಯದೇ ಇತ್ತು. ಮಠದ ಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು ಒಂದೇ ವೇದಿಕೆಯಲ್ಲಿ ಕೂತಿದ್ದರು. ‘ಈಗ ಎಲ್ಲರೂ ಕೂಡಿ ಶಾಂತಿಮಂತ್ರ ಹೇಳೋಣ’ ಅಂತ ಮೈಕಿನಲ್ಲಿ ಅಂದವರು ಮರುಗಳಿಗೆಗೆ ಪೆನ್‌ಡ್ರೈವ್ ಹಾಕಿದರು. ಕೀಬೋರ್ಡು, ತಬಲಾ, ತಾರಕದಲ್ಲಿ ಓಡುವ ಒಂದು ದನಿ. ತುಂಬಿದ ಸಭೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಮುಗಿದ ಮೇಲೆ ಚಪ್ಪಾಳೆ. ಮಂತ್ರಕ್ಕೆ ಚಪ್ಪಾಳೆ! ಕೂಡಿ ಹೇಳೋದು ಅಂದರೆ ಇದೇ ಏನ್ರಿ? ನನ್ನನ್ನು ಬಲ್ಲವರಿಗೆ ಈ ವಿಷಯಕ್ಕೆ ನಾನು ಎಷ್ಟು ಬಡಕೋತೀನಿ ಅಂತ ಗೊತ್ತು. ಇವತ್ತೂ ಬಡಕೋತೀನಿ.

ಮಂತ್ರ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟುವ ವಿದ್ಯೆ. ವೇದಪಠಣದ ಪರಂಪರೆ 2008ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಗಳ ಪಟ್ಟಿ ಸೇರಿದ್ದೂ ಅದಕ್ಕೇ. ವೇದದ ಉಚ್ಚಾರ ಕಲಿಸುವ ‘ಪಾಣಿನೀಯ ಶಿಕ್ಷೆ’ ಅನ್ನುವ ಹಳೇ ಗ್ರಂಥದಲ್ಲಿ ಕೀಳು ಪಾಠಕರು ಆರು ಥರ ಅಂತ ಹೇಳಿದೆ: ಹಾಡಿದಂತೆ ಹೇಳುವವ, ಅವಸರ ಮಾಡುವವ, ತಲೆ ಅಲ್ಲಾಡಿಸುವವ, ಬರೆದದ್ದನ್ನು ನೋಡಿ ಓದುವವ, ಅರ್ಥ ತಿಳಿಯದವ, ದನಿ ಸಾಲದವ. ನಿನ್ನೆಯ ರೆಕಾರ್ಡಿನಲ್ಲಿ ಮೊದಲಿನ ಎರಡೂ ಇದ್ದವು. ಕೈಗೆ ಕೊಟ್ಟ ಚೀಟಿಯಲ್ಲಿ ನಾಲ್ಕನೆಯದು ಬಂತು, ಅದೂ ತಪ್ಪು ಅಚ್ಚಾಗಿ: ‘ಸಹನಾ ಭವತು’.

ಅದು ‘ಸಹ ನಾವವತು’. ತೈತ್ತಿರೀಯ ಉಪನಿಷತ್ತಿನದು. ಗುರು-ಶಿಷ್ಯರು ಪಾಠಕ್ಕೆ ಮುಂಚೆ ಕೂಡಿ ಹೇಳೋದು: ನಮ್ಮಿಬ್ಬರನ್ನೂ ಕಾಪಾಡಲಿ, ಕೂಡಿ ದುಡಿಯೋಣ, ನಮ್ಮಲ್ಲಿ ದ್ವೇಷ ಬೇಡ. ಯಾವ ದೇವರ ಹೆಸರೂ ಇದರಲ್ಲಿಲ್ಲ, ಹಾಗಾಗಿ ಇಂಥ ಕೂಟಕ್ಕೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಆರಿಸಿದ್ದು ಸರಿಯೇ ಇತ್ತು, ಕಲಿಸುವ ಮನಸ್ಸು ಇರಲಿಲ್ಲ. ನನಗೆ ಉರಿಯೋದು ಅಲ್ಲಿ.

ಕಲಿಸೋದು ಎಷ್ಟು ಹೊತ್ತಿನ ಕೆಲಸ? ಕಾಲು ಗಂಟೆ. ಸಂಥೆ ಹೇಳುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ: ಹೇಳಿಕೊಡುವವರು ಒಂದು ಸಲ, ಸಭೆ ಎರಡು ಸಲ. ಮೊದಲು ತುಂಡು ತುಂಡಾಗಿ, ಆಮೇಲೆ ಸಾಲು, ಕೊನೆಗೆ ಪೂರ್ತಿ. ಒಂದು ಸಾಲಿಗೆ ಒಂದು ಉಸಿರು. ಇದೇ ಮಂತ್ರದಲ್ಲಿ ಮುಂದೆ ಬರುವ ‘ತೇಜಸ್ವಿ’ ಆದ ಮೇಲೆ ಕೂದಲೆಳೆಯಷ್ಟು ತಡೆದು ‘ನಾವಧೀತಮಸ್ತು’ ಅನ್ನಬೇಕು. ‘ತೇಜಸ್ವಿನಾ’ ಅಂತ ಒಡೆದರೆ ಅರ್ಥವೇ ಕೆಡುತ್ತದೆ, ಮತ್ತು ಹತ್ತರಲ್ಲಿ ಎಂಟು ಕಡೆ ಅಲ್ಲೇ ಒಡೀತಾರೆ. ಕೊನೆಯ ‘ಶಾಂತಿಃ’ಯ ವಿಸರ್ಗ ಹಗುರವಾಗಿ ‘ಹಿ’ ಅಂತ ಬಿಟ್ಟರೆ ಸಾಕು, ‘ಹೀ’ ಅಂತ ಎಳೆಯಬಾರದು. ಮೂರು ಶಾಂತಿ ಸೇರಿ ಇಡೀ ಮಂತ್ರ ಅರ್ಧ ನಿಮಿಷ ಹಿಡಿಯಲಿ. ಅದಕ್ಕಿಂತ ಬೇಗ ಮುಗಿದರೆ ದೀರ್ಘಗಳು ಹ್ರಸ್ವ ಆಗಿವೆ ಅಂತಲೇ ಲೆಕ್ಕ.

ಇನ್ನು ಸ್ವರದ ಮಾತು, ಅಂದರೆ ವೇದಮಂತ್ರದಲ್ಲಿ ದನಿಯ ಏರಿಳಿತ. ಉದಾತ್ತ ನಡುವಿನ ದನಿ, ಅದಕ್ಕೆ ಗುರುತಿಲ್ಲ. ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ದನಿ ಇಳಿಸಬೇಕು. ಸ್ವರಿತಕ್ಕೆ ಮೇಲೆ ನಿಂತ ಗೆರೆ, ತುಸು ಏರಿಸಬೇಕು. ಹೊಸಬರ ಸಭೆಗೆ ಇದು ಒಂದೇ ದಿನಕ್ಕೆ ಬರೋದಿಲ್ಲ. ಬರದಿದ್ದರೆ ಏಕಶ್ರುತಿಯಲ್ಲಿ, ಒಂದೇ ದನಿಯಲ್ಲಿ ಹೇಳಿಸಿ. ಅದು ಗೌರವದ ದಾರಿ. ಸಿನಿಮಾ ಧಾಟಿ ಹಚ್ಚೋದು ಬೇಡ.

ಶ್ರುತಿಗೆ ತಂಬೂರಿ ಇದ್ದರೆ ಸಾಕು, ಇಲ್ಲಾ ಹಾರ್ಮೋನಿಯಮ್ಮಿನ ಎರಡು ಮನೆ (ಸ ಮತ್ತು ಪ) ಒತ್ತಿ ಹಿಡಿಯಿರಿ. ಶ್ರುತಿಯನ್ನು ಕಾಳಿ ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಗೆ ಹಚ್ಚಿ. ಗಂಡಸರು ಷಡ್ಜದಲ್ಲಿ (ಸ) ಹೇಳಲಿ. ಅದರ ಪಂಚಮ (ಪ) ಬೀಳೋದು ಕಾಳಿ ನಾಲ್ಕಕ್ಕೆ, ಹೆಂಗಸರಿಗೆ ಅಲ್ಲಿ ಸಲೀಸು. ಯಾರ ಗಂಟಲೂ ಹರಿಯೋದಿಲ್ಲ. ನಿನ್ನೆ ಯಾರಿಗೂ ದನಿ ಕೂಡಿಸಲಿಕ್ಕೆ ಆಗದೇ ಇದ್ದದ್ದು ಭಕ್ತಿ ಕಡಿಮೆಯಾಗಿ ಅಲ್ಲ, ರೆಕಾರ್ಡಿನ ಶ್ರುತಿ ಮೇಲಿತ್ತು, ಅಷ್ಟೇ. ಇನ್ನೊಂದು: ಉದ್ದನೆಯ ಹಾಲಿನಲ್ಲಿ ವೇದಿಕೆಯ ಸ್ಪೀಕರಿನ ದನಿ ಹಿಂದಿನ ಸಾಲಿಗೆ ತಡವಾಗಿ ಮುಟ್ಟುತ್ತದೆ, ಗೋಡೆಗೆ ಬಡಿದು ಮತ್ತೊಮ್ಮೆ ಬರುತ್ತದೆ. ಆ ಗೊಂದಲದಲ್ಲಿ ಹಿಂದಿನವರು ಅರ್ಧ ಅಕ್ಷರ ಹಿಂದೆ ಬೀಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಸಭೆ ಹೇಳುವಾಗ ಮೈಕು ಬಂದ್ ಮಾಡಿ, ಅರ್ಧವೃತ್ತದಲ್ಲಿ ಕೂರಿಸಿ, ಪಕ್ಕದವರ ದನಿ ಕೇಳಿಸಲಿ.

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಸಂಗತಿ. ನಾವು ಕನ್ನಡದ ಮಂದಿ ಮಹಾಪ್ರಾಣ ನುಂಗುತ್ತೇವೆ. ನಮ್ಮ ಧಾರವಾಡವನ್ನೇ ‘ದಾರವಾಡ’ ಅಂತೀವಿ. ಗಾಯತ್ರಿಯ ಭರ್ಗೋ ‘ಬರ್ಗೋ’ ಆಗುತ್ತದೆ, ಧೀಮಹಿ ‘ದೀಮಹಿ’ ಆಗುತ್ತದೆ. ಬಾಯಿ ಮುಂದೆ ಅಂಗೈ ಹಿಡಿದು ನೋಡಿ: ‘ಬ’ ಅಂದರೆ ಕೈಗೆ ಗಾಳಿ ತಾಗೋದಿಲ್ಲ, ‘ಭ’ ಅಂದರೆ ಬಡಿಯಬೇಕು. ಮನೆಯಲ್ಲಿ ಉರ್ದು ಆಡುವ ಹಳೇ ಹುಬ್ಬಳ್ಳಿಯ ಮಕ್ಕಳಿಗೆ ಇದನ್ನು ಕಲಿಸಬೇಕಾಗೇ ಇಲ್ಲ, ಘರ್, ಭಾಯಿ, ಧೂಪ್ ಅಂತ ದಿನಾ ಅನ್ನುವ ಬಾಯಿ ಅವರದು. ಅದರಲ್ಲೂ ತಜ್ವೀದ್ (ಕುರ್‌ಆನ್ ಪಠಣದ ಉಚ್ಚಾರ ನಿಯಮ) ಕಲಿತವರಿಗೆ ಯಾವ ಅಕ್ಷರ ಎಲ್ಲಿಂದ ಹೊರಡುತ್ತದೆ, ಎಳೆತ ಎರಡು ಎಣಿಕೆಯೋ ನಾಲ್ಕೋ ಆರೋ ಅನ್ನೋದು ಪಾಠದ ಮೊದಲ ಮೆಟ್ಟಿಲು. ನಮ್ಮ ಉಚ್ಚಾರದ ಶಾಸ್ತ್ರವಾದ ಶಿಕ್ಷಾಶಾಸ್ತ್ರದ ವರ್ಣ (ಅಕ್ಷರದ ದನಿ), ಮಾತ್ರೆ (ಎಳೆತದ ಅಳತೆ) ಅಂದರೆ ಅವರಿಗೆ ತಕ್ಷಣ ಹೊಳೆಯುತ್ತದೆ. ಚರ್ಚಿನ ಕ್ವಾಯರಿನಲ್ಲಿ ಹಾಡಿದವರು ಶ್ರುತಿ ಬಿಡೋದಿಲ್ಲ. ಕಣ್ಣು ಕಾಣದ ಮಕ್ಕಳು ಕಿವಿಯ ಮೇಲೇ ಸಂಗೀತ ಕಲಿಯುವ ಗದಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಪಕ್ಕದಲ್ಲೇ ಇದೆ. ಇಷ್ಟೆಲ್ಲ ತಯಾರಾದ ಬಾಯಿ, ಕಿವಿಗಳು ಈ ಸೀಮೆಯಲ್ಲಿ ಇರುವಾಗ ಪೆನ್‌ಡ್ರೈವ್ ಯಾಕೆ ಬೇಕು?

‘ವಚನ ಇರುವಾಗ ಸಂಸ್ಕೃತ ಯಾಕೆ’ ಅಂತ ಕೇಳುವವರಿದ್ದಾರೆ. ವಚನ ಹೇಳಿ, ಬೇಡ ಅಂದವರು ಯಾರು? ಸಿದ್ಧಾರೂಢ ಮಠದಲ್ಲಿ ‘ಓಂ ನಮಃ ಶಿವಾಯ’ ಕೇಳಿದ ಊರಿಗೆ ಎರಡೂ ಒಗ್ಗುತ್ತವೆ. ‘ಉಪನಯನ ಆಗದವರು ವೇದಮಂತ್ರ ಹೇಳಬಾರದು’ ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಕಡಿಮೆ. ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನಾಗಿ ಒಪ್ಪಿಕೊಂಡ ನೆಲ ಇದು. ಅಷ್ಟಾಗಿಯೂ ಅಳುಕಿದ್ದರೆ ‘ಸರ್ವೇ ಭವಂತು ಸುಖಿನಃ’ ಹೇಳಿಸಿ, ಅದು ಶ್ಲೋಕ, ವೇದಸ್ವರದ ಕಟ್ಟಿಲ್ಲ.

ಒಂದು ಆಕ್ಷೇಪ ಮಾತ್ರ ನನಗೆ ಮುಖ್ಯ. ತನ್ನ ಧರ್ಮಕ್ಕೆ ಒಗ್ಗೋದಿಲ್ಲ ಅಂತ ಯಾರಾದರೂ ಓಂ ಹೇಳಲಿಕ್ಕೆ ಒಲ್ಲೆ ಅಂದರೆ ಒತ್ತಾಯ ಬೇಡವೇ ಬೇಡ. ಸುಮ್ಮನೆ ಕೂತು ಕೇಳುವವರಿಗೂ ಅಷ್ಟೇ ಮರ್ಯಾದೆ ಸಿಗಬೇಕು. ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ವೇದಿಕೆ ಮೇಲೆ ಮೈಕು ಮುಂದೆ ಹಿಡಿದು ಮುಜುಗರ ಮಾಡಬೇಡಿ. ಗಾಂಧೀಜಿಯವರ ಆಶ್ರಮದ ಪ್ರಾರ್ಥನೆಯಲ್ಲಿ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರವೂ, ಕುರ್‌ಆನಿನ ಅಲ್ ಫಾತಿಹಾವೂ, ಪಾರಸಿ ಪ್ರಾರ್ಥನೆಯೂ ಇದ್ದವು, ಒಂದನ್ನು ಇನ್ನೊಂದರಲ್ಲಿ ಕಲಸಿರಲಿಲ್ಲ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ಕ್ರೈಸ್ತರ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಮೇಲೆ ಸಂಸ್ಕೃತದಲ್ಲೇ ‘ವಂದೇ ಸಚ್ಚಿದಾನಂದಂ’ ಬರೆದರು. ಪಾದ್ರಿಗಳನ್ನು ಕೇಳಿದ್ದರೆ ನಿನ್ನೆ ಅದನ್ನೂ ಹೇಳಬಹುದಿತ್ತು. ಯಾರೂ ಕೇಳಲಿಲ್ಲ.

ಮುಂದಿನ ತಿಂಗಳು ಮತ್ತೆ ಮಾಡ್ತಾರಂತೆ. ಚೀಟಿ ಅಚ್ಚಿಗೆ ಕೊಡುವ ಮುಂಚೆ ಪಾಠ ಬಲ್ಲ ಒಬ್ಬರ ಹತ್ತಿರ ತಿದ್ದಿಸಿ. ಉಸಿರು ನಿಲ್ಲುವಲ್ಲಿ ಸಾಲು ಮುರಿಯಿರಿ, ಅಕ್ಷರ ದಪ್ಪ ಇರಲಿ, ಕೆಳಗೆ ಕನ್ನಡದಲ್ಲಿ ಅರ್ಥ ಇರಲಿ. ಉರ್ದು ಓದುವವರಿಗೆ ಉರ್ದುವಿನಲ್ಲೂ ಬರೆಸಿ. ಆ ಲಿಪಿಯಲ್ಲಿ ಭ, ಧ ಬರೆಯಲಿಕ್ಕೆ ದೋ ಚಷ್ಮೀ ಹೇ ಅನ್ನುವ ಅಕ್ಷರ ಇದ್ದೇ ಇದೆ. ಹ್ರಸ್ವ ಸ್ವರಗಳಿಗೆ ಮಾತ್ರ ಜೇರ್, ಜಬರ್, ಪೇಶ್ ಗುರುತು ತಪ್ಪದೇ ಹಾಕಿಸಬೇಕು, ಇಲ್ಲದಿದ್ದರೆ ‘ಅವತು’ ಏನೇನೋ ಆಗುತ್ತದೆ. ಹೇಳಿಕೊಡುವವರು ಸಿಗಲಿಲ್ಲ ಅಂದರೆ ನನಗೆ ಒಂದು ಫೋನ್ ಮಾಡಿ, ಬರ್ತೀನಿ.