ಪವರ್ ಬೇಕೋ, ಕಂಟ್ರೋಲ್ ಬೇಕೋ?

ಪಿಕಲ್‌ಬಾಲ್ ಎಂಬ ನೆಟ್ಟಿನ ಆಟಕ್ಕೆ ಪ್ಯಾಡಲ್, ಅಂದರೆ ಹಲಗೆಯಂತಹ ಬ್ಯಾಟು, ಬೇಕು ಎಂದು ತುಮಕೂರಿನಲ್ಲಿ ಬಾಯಿ ಬಿಟ್ಟರೆ ಮೊದಲು ಸಿಗುವುದು ಸಲಹೆ. ಪ್ಯಾಡಲ್ ಆಮೇಲೆ, ಅದೂ ಕೊರಿಯರ್‌ನಲ್ಲಿ. ಎಂ.ಜಿ. ರಸ್ತೆಯ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಕೇಳಿದಾಗ ಮಾಲೀಕರು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಕೇರಂ ಪೌಡರಿನ ಡಬ್ಬಗಳ ಹಿಂದಿನಿಂದ ಎರಡು ಮರದ ಬ್ಯಾಟು ತಂದು, ಧೂಳು ಒರೆಸಿ, "ಇದು ಸಮುದ್ರದ ದಂಡೆಯಲ್ಲಿ ಆಡುವುದು ಮೇಡಂ. ಅಮಾನಿಕೆರೆ ದಂಡೆಯಲ್ಲಿ ಆಡಬಾರದು ಎಂದೇನೂ ಇಲ್ಲ" ಎಂದರು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಹಳೆಯ ಕಾಲದ ವ್ಯಾಪಾರಿ. ಕೊನೆಗೆ ಅವರ ಮನಸ್ಸಿಗೆ ನೋವಾಗದಿರಲಿ ಎಂದು ಒಂದು ಜೊತೆ ಸಾಕ್ಸ್ ಕೊಂಡು ಬಂದೆ.

ಹಾಗೆ ನೋಡಿದರೆ ಈ ಆಟ ಹುಟ್ಟಿದ್ದೇ ಬೇಕಾದ ಸಾಮಾನು ಸಿಗದೆ. 1965ರ ಬೇಸಿಗೆಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ, ಜೋಯಲ್ ಪ್ರಿಚರ್ಡ್ ಅವರ ಮನೆಯಂಗಳದಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಕಣವಿತ್ತು, ಆದರೆ ಆಡುವ ಸಾಮಾನು ಪೂರ್ತಿ ಇರಲಿಲ್ಲ. ಮಕ್ಕಳು ಬೇಸರವೆಂದು ಗೋಳಾಡುತ್ತಿದ್ದವು. ಕೈಗೆ ಸಿಕ್ಕ ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ದೊಡ್ಡವರು ಆಟವೊಂದನ್ನು ಕಟ್ಟಿಬಿಟ್ಟರು. ಆಮೇಲೆ ಪಕ್ಕದ ಬಾರ್ನಿ ಮೆಕಲಮ್ ಅವರು ಪ್ಲೈವುಡ್ ಕೊರೆದು ಪ್ಯಾಡಲ್ ಮಾಡಿಕೊಟ್ಟರು. ಅಷ್ಟರಲ್ಲೇ ಎಲ್ಲರೂ ತೃಪ್ತರಾಗಿದ್ದರೆ ನನ್ನ ಮನೆಯಲ್ಲಿ ಈ ರಾದ್ಧಾಂತವಾಗುತ್ತಿರಲಿಲ್ಲ. ಆದರೆ 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ ಅವರು ವಿಮಾನದ ನೆಲಹಾಸಿಗೆ ಬಳಸುವ ಜೇನುಗೂಡಿನ ರಚನೆಯ ಹಗುರ ಹಲಗೆಯಿಂದ ಪ್ಯಾಡಲ್ ಮಾಡಿದರು. ಅಲ್ಲಿಂದ ಇದು ವಿಜ್ಞಾನವಾಯಿತು. ವಿಜ್ಞಾನವಾಯಿತು ಎಂದರೆ ನಮ್ಮ ಯಜಮಾನರು ಓದಲು ಕುಳಿತರು ಎಂದರ್ಥ.

ನಾವು ಆಡುವುದು ಶೆಟ್ಟಿಹಳ್ಳಿ ಕಡೆಯ ಒಂದು ಬ್ಯಾಡ್ಮಿಂಟನ್ ಹಾಲಿನಲ್ಲಿ. ಮಂಡಿ ನೋವು, ಭುಜ ನೋವು ಎಂದು ಒಬ್ಬೊಬ್ಬರೇ ಬ್ಯಾಡ್ಮಿಂಟನ್ ಬಿಡುತ್ತಿದ್ದಾಗ ಹಾಲಿನವರು ಬುದ್ಧಿವಂತಿಕೆಯಿಂದ ಒಂದು ಅಂಕಣವನ್ನು ಪಿಕಲ್‌ಬಾಲಿಗೆ ಬಿಟ್ಟುಕೊಟ್ಟರು. ಎರಡೂ ಆಟಗಳ ಅಂಕಣ ಒಂದೇ ಅಳತೆ: 44 ಅಡಿ ಉದ್ದ, 20 ಅಡಿ ಅಗಲ. ಐದಡಿ ಎತ್ತರದ ನೆಟ್ಟನ್ನು ನಡುವಿನಲ್ಲಿ 34 ಅಂಗುಲಕ್ಕೆ ಇಳಿಸಿದರೆ ಸಾಕು. ತೊಂದರೆ ಇರುವುದು ಗೆರೆಗಳಲ್ಲಿ. ಬ್ಯಾಡ್ಮಿಂಟನ್ನಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಗೆ. ಪಿಕಲ್‌ಬಾಲಿನ ‘ಕಿಚನ್’ ಗೆರೆ ಏಳು ಅಡಿಗೆ. ಈ ಕಿಚನ್ನಿನೊಳಗೆ ನಿಂತು, ನೆಲಕ್ಕೆ ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹಾಲಿನವರು ಏಳಡಿಗೆ ಹಳದಿ ಟೇಪು ಅಂಟಿಸಿದರು, ಹಳೆಯ ಗೆರೆ ಹಾಗೆಯೇ ಉಳಿಯಿತು. ನಡುವಿನ ಆ ಅರ್ಧ ಅಡಿ ಜಾಗದಲ್ಲಿ ಎಷ್ಟು ವ್ಯಾಜ್ಯಗಳು ನಡೆದಿವೆ ಎಂದರೆ, ನಮ್ಮ ಜೊತೆ ಆಡುವ ವಕೀಲರು ಅದಕ್ಕೆ ಸರ್ವೆ ನಂಬರ್ ಕೊಡಿಸೋಣ ಎನ್ನುತ್ತಾರೆ. ಅಂಕ ಕೂಗುವುದು ಇನ್ನೊಂದು ಗೋಜಲು. ತಮ್ಮ ಅಂಕ, ಎದುರಾಳಿಯ ಅಂಕ, ತಾನು ಜೋಡಿಯಲ್ಲಿ ಸರ್ವ್ ಮಾಡುವ ಮೊದಲನೆಯವನೋ ಎರಡನೆಯವನೋ ಎಂಬುದು, ಹೀಗೆ ಮೂರು ಸಂಖ್ಯೆ. "ನಾಲ್ಕು, ಎರಡು, ಒಂದು" ಎಂದು ಕೂಗುವಾಗ ನೋಡುತ್ತ ಕುಳಿತವರು ಮಿಕ್ಕ ಏಳು ಅಂಕೆ ಎಲ್ಲಿ ಎಂದು ಕಾಯುತ್ತಾರೆ.

ಅಲ್ಲಿಯವರೆಗೆ ಹಾಲಿನ ಬಾಡಿಗೆ ಪ್ಯಾಡಲ್ಲಿನಲ್ಲಿ ಆಡುತ್ತಿದ್ದೆವು. ಸ್ವಂತದ್ದು ಬೇಕು ಎಂಬ ವಿಷಯ ಬೆಂಗಳೂರಿನಲ್ಲಿರುವ ಮೈದುನನ ಕಿವಿಗೆ ಬಿತ್ತು. ಶನಿವಾರ ರೈಲಿಳಿದು ಬಂದವನ ಚೀಲದಲ್ಲಿ ಬಟ್ಟೆಗಿಂತ ಪ್ಯಾಡಲ್ಲುಗಳೇ ಹೆಚ್ಚಿದ್ದವು. ಊಟದ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟು, "ಅತ್ತಿಗೆ, ಮೊದಲು ಇದನ್ನು ಹೇಳಿ. ನಿಮಗೆ ಪವರ್ ಬೇಕೋ, ಸ್ಪಿನ್ ಬೇಕೋ, ಕಂಟ್ರೋಲ್ ಬೇಕೋ?" ಎಂದ.

"ಮೂರೂ ಇರುವುದು ಸಿಗುವುದಿಲ್ಲವೇ?"

"ಸಿಗುತ್ತದೆ ಎಂದು ಬರೆದಿರುತ್ತಾರೆ. ಇಪ್ಪತ್ತು ಸಾವಿರ."

"ಹಾಗಾದರೆ ಒಂದೊಂದಾಗಿ ಹೇಳು."

ಅವನು ಹೇಳಿದ. ಊಟ ತಣ್ಣಗಾಯಿತು, ಅತ್ತೆ ಎರಡು ಸಲ ಬಂದು ಇಣುಕಿ ಹೋದರು, ಅವನು ಇನ್ನೂ ಹೇಳುತ್ತಿದ್ದ. ಪ್ಯಾಡಲ್ಲಿನ ಹೊಟ್ಟೆಯಲ್ಲಿ ಈಗ ಇರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜೇನುಗೂಡು. ಅದು ತೆಳ್ಳಗಿದ್ದರೆ, ಅಂದರೆ 13 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ, ಚೆಂಡು ತಾಗಿದ್ದೇ ತಡ ಚಿಮ್ಮುತ್ತದೆ, ಇದು ಪವರ್. ದಪ್ಪಗೆ 16 ಮಿಲಿಮೀಟರ್ ಇದ್ದರೆ ಹೊಡೆತದ ರಭಸವನ್ನು ನುಂಗಿಕೊಂಡು ಚೆಂಡನ್ನು ಹೇಳಿದಲ್ಲಿ ಬಿಡುತ್ತದೆ; ಇದು ಕಂಟ್ರೋಲ್. ಹೊರಗಿನ ಹೊದಿಕೆ ಫೈಬರ್ ಗ್ಲಾಸಾದರೆ ಚಿಮ್ಮುವಿಕೆ ಹೆಚ್ಚು. ಬಣ್ಣ ಬಳಿಯದ ಒರಟು ಕಾರ್ಬನ್ ಫೈಬರಾದರೆ ಅದು ಚೆಂಡನ್ನು ಹಿಡಿದು ತಿರುಗಿಸುತ್ತದೆ, ಇದು ಸ್ಪಿನ್. ಆಕಾರದ್ದು ಬೇರೆ ಲೆಕ್ಕ. ಉದ್ದ ಮತ್ತು ಅಗಲ ಸೇರಿ 24 ಅಂಗುಲ ಮೀರಬಾರದು, ಉದ್ದವೊಂದೇ 17 ಅಂಗುಲ ಮೀರಬಾರದು ಎಂಬುದು ನಿಯಮ. ಉದ್ದ ಬೇಕೆಂದರೆ ಅಗಲ ಬಿಟ್ಟುಕೊಡಬೇಕು. ಉದ್ದದ್ದು ದೂರದ ಚೆಂಡಿಗೆ ನಿಲುಕುತ್ತದೆ, ಬೀಸಿನ ಬಲವೂ ಜಾಸ್ತಿ. ಆದರೆ ಅಗಲದ್ದರಲ್ಲಿ ಚೆಂಡು ಸ್ವಲ್ಪ ಅತ್ತಿತ್ತ ತಾಗಿದರೂ ಮಾನ ಉಳಿಯುತ್ತದೆ.

"ವಿಮಾನದ ಸಾಮಾನು ಎಂದಮೇಲೆ ನಮಗೇನೂ ಹೊಸದಲ್ಲ" ಎಂದು ಯಜಮಾನರು ನಡುವೆ ಬಾಯಿ ಹಾಕಿದರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗಿನಿಂದ ನಮ್ಮ ಜಿಲ್ಲೆಯ ಗಂಡಸರೆಲ್ಲರಿಗೂ ವಿಮಾನಶಾಸ್ತ್ರ ಅರ್ಧ ಕರಗತವಾಗಿದೆ.

ನನಗೆ ಒಂದು ವಿಷಯ ಮಾತ್ರ ಮೊದಲ ದಿನವೇ ಸ್ಪಷ್ಟವಿತ್ತು. ಪವರ್ ನಮಗೆ ಬೇಡ. ನಮ್ಮ ಕೂಟದಲ್ಲಿ ಅರ್ಧ ಮಂದಿ ನಿವೃತ್ತರು, ಇನ್ನರ್ಧ ಮಂದಿ ನಿವೃತ್ತಿ ಯಾವಾಗ ಎಂದು ಎಣಿಸುತ್ತಿರುವವರು. ಸರ್ವ್ ಮಾಡುವುದು ಕೆಳಗಿನಿಂದ ಮೇಲಕ್ಕೆ, ಸೊಂಟಕ್ಕಿಂತ ಕೆಳಗೆ. ಅದು ಒಮ್ಮೆ ಪುಟಿಯಬೇಕು, ಮರಳಿ ಬಂದದ್ದೂ ಒಮ್ಮೆ ಪುಟಿಯಬೇಕು, ಆಮೇಲೆ ಎಲ್ಲರೂ ಮುಂದೆ ಬಂದು ಕಿಚನ್ ಗೆರೆಯ ಹಿಂದೆ ನಿಂತು ನೆಟ್ಟಿನ ಮೇಲಿಂದ ಚೆಂಡನ್ನು ಮೆಲ್ಲಗೆ ಅತ್ತಿತ್ತ ದಾಟಿಸುತ್ತಾರೆ. ಡಿಂಕ್ ಎನ್ನುತ್ತಾರೆ ಅದಕ್ಕೆ. ಇಡೀ ಆಟದ ತಿರುಳು ಅಲ್ಲಿದೆ. ಹದಿನಾಲ್ಕು ಅಡಿ ದೂರದಲ್ಲಿ ನಿಂತ ನಿವೃತ್ತ ಮುಖ್ಯೋಪಾಧ್ಯಾಯರ ಎದೆಗೆ ಚೆಂಡು ಹೊಡೆದು ಗೆಲ್ಲುವುದರಲ್ಲಿ ಯಾವ ಪುರುಷಾರ್ಥವಿದೆ? ಸ್ಪಿನ್ ಕೂಡ ನನಗೆ ಹಿಡಿಸಲಿಲ್ಲ. ವಕೀಲರು ಸ್ಪಿನ್ ಪ್ರಿಯರು. ಅವರ ಚೆಂಡು ಎಲ್ಲಿ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಸಾಲದ್ದಕ್ಕೆ ಆ ಒರಟುತನ ಆಡುತ್ತ ಆಡುತ್ತ ಸವೆಯುತ್ತದೆ. ಚೆಂಡಿನ ಪ್ಲಾಸ್ಟಿಕ್ ಮೆತ್ತಿಕೊಂಡರೆ ರಬ್ಬರಿನ ತುಂಡಿನಿಂದ ಉಜ್ಜಿ ತೆಗೆಯಬೇಕು. ವಕೀಲರ ಮನೆಯಲ್ಲಿ ಪಾತ್ರೆ ತೊಳೆಯಲು ಬರುವಾಕೆ ಒಂದು ದಿನ ಕರುಣೆಯಿಂದ ಸ್ಟೀಲ್ ನಾರು, ಸೋಪಿನ ಪುಡಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿಕೊಟ್ಟಳಂತೆ. ಆ ವಾರವಿಡೀ ಅವರ ಚೆಂಡು ನೆಟ್ಟಗೆ ಬಂತು. ನಮ್ಮ ಪಾಲಿಗೆ ಅದು ಸುವರ್ಣಯುಗ.

ಹಾಗಾಗಿ 16 ಮಿಲಿಮೀಟರ್, ಅಗಲ ಮುಖ ಎಂದು ತೀರ್ಮಾನಿಸಿದೆ. ತೀರ್ಮಾನ ನನ್ನದು, ತನಿಖೆ ಯಜಮಾನರದು. ಹಿಡಿಯ ಸುತ್ತಳತೆ ಸರಿಯಿದೆಯೇ ಎಂದು ನೋಡಲು ಪ್ಯಾಡಲ್ ಹಿಡಿದ ಕೈಯ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ತೂರಬೇಕಂತೆ. ಬಿಗಿಯಾದರೆ ಹಿಡಿ ಸಣ್ಣದು, ಸಡಿಲವಾದರೆ ದೊಡ್ಡದು. ಮನೆಯಲ್ಲಿದ್ದ ಮೈದುನನ ಪ್ಯಾಡಲ್ ಹಿಡಿಸಿ, ತಮ್ಮ ತೋರುಬೆರಳು ತೂರಿಸಿ, "ನಾಲ್ಕೂಕಾಲು ಅಂಗುಲ" ಎಂದು ತೀರ್ಪು ಕೊಟ್ಟರು. ತೂರಿಸಬೇಕಾದದ್ದು ನನ್ನ ಬೆರಳು ಎಂದು ಹೇಳಲು ಹೋಗಲಿಲ್ಲ. ಪ್ಯಾಡಲ್ ಬಂದ ದಿನ ಡಬ್ಬದ ಮೇಲೆ 225 ಗ್ರಾಂ ಎಂದಿತ್ತು. ಅದನ್ನು ನಂಬದೆ ಮಂಡಿಪೇಟೆಗೆ ಒಯ್ದು, ನಾವು ಹುಣಸೆಹಣ್ಣು ಕೊಳ್ಳುವ ಅಂಗಡಿಯ ತಕ್ಕಡಿಯ ಮೇಲಿಟ್ಟರು. 235 ತೋರಿಸಿತು. "ಹೆಚ್ಚೇ ಇದೆಯಲ್ಲ ಸ್ವಾಮಿ, ಯಾಕೆ ಮುಖ ಸಣ್ಣಗೆ ಮಾಡಿಕೊಳ್ಳುತ್ತೀರಿ?" ಎಂದರಂತೆ ಅಂಗಡಿಯವರು. ಹತ್ತು ಗ್ರಾಂ ಹೆಚ್ಚು ಬಂದದ್ದಕ್ಕೆ ಬೇಸರಪಟ್ಟ ಗಿರಾಕಿಯನ್ನು ಅವರು ಅದೇ ಮೊದಲು ನೋಡಿದ್ದು.

ಪ್ಯಾಡಲ್ ಚೆನ್ನಾಗಿಯೇ ಇತ್ತು. ಡಿಂಕ್‌ಗಳು ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ದಾಟಿ ಆಚೆ ತಣ್ಣಗೆ ಬೀಳುತ್ತಿದ್ದವು. ಮುಖ್ಯೋಪಾಧ್ಯಾಯರು, "ನಿಮ್ಮ ಆಟದಲ್ಲಿ ಸಂಸ್ಕಾರ ಬಂದಿದೆ ಅಮ್ಮ" ಎಂದರು. ಆಟ ಮುಗಿಸಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಹಾಕಿಸಿಕೊಂಡು, ಕರಗಿಸಿದ್ದನ್ನು ಮತ್ತೆ ಕೂಡಿಸಿಕೊಂಡು ಬರುವುದೂ ನಡೆದಿತ್ತು.

ಆಮೇಲೆ ಅವರೆಕಾಯಿ ಕಾಲ ಬಂತು. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಯಾರ ಮನೆಗೆ ಹೋದರೂ ನೆನೆಸಿದ ಅವರೆ ಹಿದುಕುವ ಕೆಲಸಕ್ಕೆ ಕೂರಿಸುತ್ತಾರೆ. ಮನೆಯಲ್ಲಿ ಹಿದುಕಿದ ಬೇಳೆ ಸಾರು. ಮೇಜಿನ ಮೇಲೆ ಯಜಮಾನರು ಪ್ಯಾಡಲ್ಲಿಗೆ ಹೊಸ ಗ್ರಿಪ್ ಸುತ್ತಿ ಹಾಗೆಯೇ ಬಿಟ್ಟು ಎದ್ದಿದ್ದರು. ಅತ್ತೆ ಒಲೆಯಿಂದ ಇಳಿಸಿದ ಕುಕ್ಕರನ್ನು ತಂದರು. ಮೇಜಿಗೆ ಹೊಸದಾಗಿ ಗಾಜು ಹಾಕಿಸಿದ್ದೆವು. ಬಿಸಿ ತಾಗಿ ಗಾಜು ಒಡೆಯಬಾರದಲ್ಲ! ಚಪ್ಪಟೆಯಾಗಿ, ಅಗಲವಾಗಿ, ಹಿಡಿ ಸಮೇತ ಒಂದು ಹಲಗೆ ಅಲ್ಲೇ ಬಿದ್ದಿದೆ. ಅದರ ಮೇಲೆ ಕುಕ್ಕರ್ ಇಟ್ಟರು. ಒತ್ತಡ ತಾನಾಗಿ ಇಳಿದು, ಮುಚ್ಚಳ ತೆಗೆದು, ಸಾರಿಗೆ ಒಗ್ಗರಣೆ ಬಿದ್ದು, ಬಡಿಸಿ, ಎಲ್ಲವೂ ಆದ ಮೇಲೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅದರ ಚೀಲಕ್ಕೆ ಸೇರಿಸಿದರು. ಅತ್ತೆಯದು ಅಚ್ಚುಕಟ್ಟು ಕೈ. ಬೆಳಗ್ಗೆ ತೆಗೆದಾಗ ಕಪ್ಪು ಕಾರ್ಬನ್ನಿನ ಮೇಲೆ ಮಸುಕಾದ ಒಂದು ಬಳೆಯ ಗುರುತು ಇದ್ದಂತಿತ್ತು. ಬೆಳಕಿನ ಮಾಯೆ ಎಂದುಕೊಂಡೆ.

ಹಾಲಿನಲ್ಲಿ ಮೊದಲ ಡಿಂಕ್ ಮಾಡಿದೆ. ಚೆಂಡು ನೆಟ್ಟನ್ನು ಮಾತ್ರವಲ್ಲ, ವಕೀಲರನ್ನೂ ದಾಟಿ ಹಿಂದಿನ ಗೋಡೆಗೆ ಬಡಿಯಿತು. "ಕ್ಷಮಿಸಿ" ಎಂದೆ. ಎರಡನೆಯದೂ ಹಾಗೆಯೇ. ಮೆಲ್ಲಗೆ ತಳ್ಳಿದರೂ ಚೆಂಡು ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಹಿಂದಿನ ಗೆರೆಯಲ್ಲಿ ನಿಂತು ಬೀಸಿದ್ದಂತೂ ಮುಖ್ಯೋಪಾಧ್ಯಾಯರು ಪ್ಯಾಡಲ್ ಎತ್ತುವ ಮೊದಲೇ ಅವರ ಪಕ್ಕದಲ್ಲಿ ಪುಟಿದು ಹೋಗಿತ್ತು. ಅವರು ಸಂಸ್ಕಾರದ ಮಾತು ಎತ್ತಲಿಲ್ಲ. ಹನ್ನೊಂದು ಅಂಕಕ್ಕೆ ಆಟ. ಅವರು ಮೂರರಲ್ಲೇ ಉಳಿದರು. ನನ್ನ ತೋಳಿನ ಬಗ್ಗೆ ನನಗೇ ಗೌರವ ಹುಟ್ಟಿತು. ಯಜಮಾನರು ಕುರ್ಚಿಯಲ್ಲಿ ಕುಳಿತು, "ಆರಿಸಿದ್ದು ಯಾರು ಹೇಳಿ" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ವಕೀಲರು ಸುಮ್ಮನಿರುವವರಲ್ಲ. "ಈ ಪ್ಯಾಡಲ್ ಬಗ್ಗೆ ನನ್ನ ತಕರಾರಿದೆ" ಎಂದರು. ವಿಚಾರಣೆಗೆ ಸಿಕ್ಕವರು ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿಗಳು, ನಮ್ಮ ಕೂಟದ ಹಿರಿಯರು, ಸಾವಿರಾರು ಕಾಯಿ ಕೈಯಲ್ಲಿ ಆಡಿಸಿದವರು. ಪ್ಯಾಡಲ್ಲನ್ನು ಕಿವಿಯ ಹತ್ತಿರ ಹಿಡಿದು ಮಡಿಸಿದ ಬೆರಳ ಗೆಣ್ಣಿನಿಂದ ಅಂಚಿನಲ್ಲಿ ತಟ್ಟಿದರು. ಟಕ್ ಟಕ್. ನಡುವಿಗೆ ಬಂದರು. ಡಬ್ ಡಬ್. ಮತ್ತೆ ಅಂಚು, ಮತ್ತೆ ನಡು. ಬೆರಳಿನಿಂದ ಸುತ್ತು ಬರೆಯುತ್ತ ಹೋಗಿ ಬಳೆಯ ಗುರುತಿನ ಗಡಿಯಲ್ಲಿ ನಿಲ್ಲಿಸಿ, "ಒಳಗೆ ಬಿಟ್ಟುಕೊಂಡಿದೆ" ಎಂದರು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಕರಟದಿಂದ ಕಳಚಿಕೊಳ್ಳುತ್ತದಲ್ಲ, ಹಾಗೆ ಹೊದಿಕೆ ಜೇನುಗೂಡಿನಿಂದ ಕಳಚಿಕೊಂಡಿದೆ ಎಂದು ವಿವರಿಸಿದರು. ಯಜಮಾನರು ತಮ್ಮ ಓದನ್ನೆಲ್ಲ ನೆನೆದು ತಲೆಯಾಡಿಸಿದರು. ಅಂಟು ಬಿಟ್ಟ ಹೊದಿಕೆ ಒಳಕ್ಕೆ ತಗ್ಗಿ ಹೊರಕ್ಕೆ ಚಿಮ್ಮುತ್ತದೆ, ಚೆಂಡು ಇಲ್ಲದ ವೇಗ ಪಡೆಯುತ್ತದೆ, ಅಂತಹ ಪ್ಯಾಡಲ್ ಪಂದ್ಯಗಳಲ್ಲಿ ನಿಷಿದ್ಧ. ಹಾಲಿನ ಮೂಲೆಯಲ್ಲೇ ತೀರ್ಪಾಯಿತು: ಅಂಕ ಅಸಿಂಧು, ಪ್ಯಾಡಲ್ ಬಹಿಷ್ಕಾರ.

ಮನೆಯಲ್ಲಿ ವಿಚಾರಿಸಿದಾಗ ಅತ್ತೆ ಒಂದು ಗಳಿಗೆಯೂ ತಡವರಿಸಲಿಲ್ಲ. "ಇಟ್ಟೆ. ಕುಕ್ಕರಿನ ಬಿಸಿ ತಡೆಯದ ಹಲಗೆಗೆ ಅಷ್ಟು ದುಡ್ಡು ಕೊಟ್ಟಿರೇನಮ್ಮ?" ಎಂದು ನನ್ನನ್ನೇ ಕೇಳಿದರು. ಯಜಮಾನರು ಪಾಲಿಪ್ರೊಪಿಲೀನ್, ಅಂಟು, ಉಷ್ಣತೆ ಎಂದು ವಿವರಿಸಲು ಹೊರಟವರು ತಾಯಿಯ ಮುಖ ನೋಡಿ ಬೇಳೆ ಹಿದುಕಲು ಕುಳಿತರು.

ಹೊಸದಕ್ಕೆ ಹೇಳಿಯಾಗಿದೆ, ಅದೇ 16 ಮಿಲಿಮೀಟರ್. ಬಹಿಷ್ಕೃತ ಪ್ಯಾಡಲ್ಲನ್ನು ನನ್ನಿಂದ ಬೇರೆ ಬೇರೆಯಾಗಿ, ಗುಟ್ಟಾಗಿ, ‘ಸುಮ್ಮನೆ ಒಂದು ಸಲ ಆಡಿ ನೋಡಲು’ ಕೇಳಿದವರಲ್ಲಿ ಮುಖ್ಯೋಪಾಧ್ಯಾಯರೂ ಇದ್ದಾರೆ, ತಕರಾರು ತೆಗೆದ ವಕೀಲರೂ ಇದ್ದಾರೆ. ಮೈದುನನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮರುಕಪಡುತ್ತಾನೆ ಎಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಅತ್ತಿಗೆ, ಅಮ್ಮನನ್ನು ಕೇಳಿ ಹೇಳಿ, ಕುಕ್ಕರ್ ಎಷ್ಟು ವಿಶಲ್ ಕೂಗಿತ್ತು?" ಎಂದ.